ಕಂಠದೊಳಗನ್ನು ಕಂಡ ಗಾಯನಾಚಾರ್ಯ

ನುಡಿಯುತ್ತಿರುವ ಧ್ವನಿಪೆಟ್ಟಿಗೆಯನ್ನು ಸ್ಪಷ್ಟವಾಗಿ ಕಂಡು ಲೋಕಕ್ಕೆ ವಿವರಿಸಿದವನು ವೈದ್ಯನಲ್ಲ, ಸಂಗೀತದ ಉಪಾಧ್ಯಾಯ. ಮ್ಯಾನುಯೆಲ್ ಗಾರ್ಸಿಯಾ 1805ರಲ್ಲಿ ಸ್ಪೇನಿನ ಗಾಯಕ ಮನೆತನದಲ್ಲಿ ಜನಿಸಿದನು. 1825ರಲ್ಲಿ ತಂದೆಯ ಸಂಗೀತನಾಟಕ ಮಂಡಲಿಯೊಡನೆ ನ್ಯೂಯಾರ್ಕಿಗೆ ಹೋದನು. ಎಳೆಯ ಕಂಠಕ್ಕೆ ಆ ದುಡಿಮೆ ಭಾರವಾಯಿತು. ಕೆಲವು ವರ್ಷಗಳಲ್ಲಿ ರಂಗದ ಆಸೆಯನ್ನು ತೊರೆದು ಬೋಧನೆಗೆ ನಿಂತನು. 1841ರಲ್ಲಿ ಸ್ವರ ಕೆಟ್ಟು ಪ್ಯಾರಿಸ್ಸಿಗೆ ಬಂದ ಗಾಯಕಿ ಜೆನ್ನಿ ಲಿಂಡಳಿಗೆ ಮೊದಲು ಮೌನವನ್ನು ವಿಧಿಸಿದನು, ಬಳಿಕ ಕಲಿಸಿದನು. ಆಕೆಯ ಕೀರ್ತಿ ಯೂರೋಪನ್ನೆಲ್ಲ ತುಂಬಿತು.

ಆದರೆ ಕಾಣದ ಯಂತ್ರವನ್ನು ತಿದ್ದುವುದೆಂತು? 1854ರಲ್ಲಿ ದಂತವೈದ್ಯರ ಉದ್ದ ಹಿಡಿಯ ಕನ್ನಡಿಯನ್ನು ಬೆಚ್ಚಗೆ ಮಾಡಿ ಗಂಟಲೊಳಗಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಹಾಯಿಸಿದನು. ಉಸಿರಾಟದಲ್ಲಿ ತೆರೆದುಕೊಂಡು, ಸ್ವರ ಹೊರಡುವಾಗ ಕೂಡಿಕೊಳ್ಳುವ ತನ್ನದೇ ಧ್ವನಿತಂತುಗಳು ಕಂಡವು. 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಶೋಧವು ಮಂಡಿತವಾಯಿತು. ವಿಯೆನ್ನಾದ ಟುರ್ಕ್, ಪೆಸ್ಟಿನ ಚೆರ್ಮಾಕ್ ಎಂಬ ವೈದ್ಯರು ಆ ಕನ್ನಡಿಯನ್ನು ರೋಗಪರೀಕ್ಷೆಗೆ ತಂದರು. 1906ರಲ್ಲಿ, 101ನೆಯ ವಯಸ್ಸಿನಲ್ಲಿ, ಗಾರ್ಸಿಯಾ ಲಂಡನ್ನಿನಲ್ಲಿ ತೀರಿಕೊಂಡನು.

ಇಂದು ಒಂದೇ ಉಸಿರಿನಲ್ಲಿ ಆಕಾರವು ಎಷ್ಟು ಸೆಕೆಂಡು ನಿಲ್ಲುವುದೆಂದು ಎಣಿಸುತ್ತಾರೆ. ಮಿನುಗುವ ಬೆಳಕಿನಲ್ಲಿ ತಂತುಗಳ ಕಂಪನವನ್ನು ನೋಡುತ್ತಾರೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿದ್ಯೆಗೂ ಮೂಲ ಆ ಕನ್ನಡಿಯಲ್ಲಿದೆ. ಶ್ರೀಪಾದರಾಜರ ಪದಗಳನ್ನು ಹಾಡುವ ಮುಳಬಾಗಿಲಿನ ಭಜನೆಯವರಿಗೂ, ಕೋಲಾರ, ಮಾಲೂರು, ಶ್ರೀನಿವಾಸಪುರಗಳ ತರಗತಿಗಳಲ್ಲಿ ದಿನವಿಡೀ ಮಾತನಾಡುವ ಉಪಾಧ್ಯಾಯರಿಗೂ ಈ ಜೀವನ ಹೇಳುವುದು ಒಂದೇ: ಒಡೆದ ದನಿಯನ್ನು ಕೂಗಿ ಗೆಲ್ಲಲಾಗದು, ಮೊದಲು ಮೌನ, ಆಮೇಲೆ ಪರೀಕ್ಷೆ.