ಇನ್ಸುಲಿನ್ ಕೊಟ್ಟ ಡಾ. ಬ್ಯಾಂಟಿಂಗ್

ನವೆಂಬರ್ 14 ಎಂದರೆ ನಮಗೆ ಮಕ್ಕಳ ದಿನ. 1891ರಲ್ಲಿ ಅದೇ ದಿನ ಕೆನಡಾ ದೇಶದ ಅಲಿಸ್ಟನ್ ಎಂಬಲ್ಲಿನ ರೈತ ಕುಟುಂಬದಲ್ಲಿ ಜನಿಸಿದವರು ಫ್ರೆಡರಿಕ್ ಬ್ಯಾಂಟಿಂಗ್. ಮಕ್ಕಳಿಗೆ ಇವರಿಂದಾದ ಉಪಕಾರವೂ ಸಣ್ಣದಲ್ಲ.

ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ಗಾಯಗೊಂಡು ಮರಳಿದ ಇವರು 1920ರಲ್ಲಿ ಕೆನಡಾದ್ದೇ ಆದ ಲಂಡನ್ ಎಂಬ ಊರಿನಲ್ಲಿ ದವಾಖಾನೆ ತೆರೆದರು. ರೋಗಿಗಳೇ ಬರಲಿಲ್ಲ. ಮೊದಲ ತಿಂಗಳ ಸಂಪಾದನೆ ಬರೀ 4 ಡಾಲರ್! ಹೊಟ್ಟೆಪಾಡಿಗೆ ಪಾಠ ಹೇಳುವ ಕೆಲಸ ಹಿಡಿದರು. ಪಾಠದ ತಯಾರಿಯಲ್ಲಿದ್ದ ಅಕ್ಟೋಬರ್ 31ರ ರಾತ್ರಿ, ಮೇದೋಜೀರಕ ಗ್ರಂಥಿಯಿಂದ ಸಕ್ಕರೆ ಕಾಯಿಲೆಗೆ ಮದ್ದು ತೆಗೆಯಬಹುದೆಂಬ ಯೋಚನೆ ಹೊಳೆಯಿತು.

ಆಗ ಮಕ್ಕಳಿಗೆ ಈ ಕಾಯಿಲೆ ಬಂತೆಂದರೆ ಮರಣವೇ ಗತಿ. ಉಪವಾಸ ಹಾಕಿ ಆಯುಸ್ಸನ್ನು ತುಸು ಎಳೆಯುವುದಷ್ಟೇ ವೈದ್ಯರ ಕೈಯಲ್ಲಿತ್ತು.

1921ರ ಬೇಸಿಗೆಯಲ್ಲಿ ಟೊರೊಂಟೋ ವಿಶ್ವವಿದ್ಯಾಲಯದ ಪ್ರೊ. ಮ್ಯಾಕ್ಲಿಯಾಡ್ ಅವರ ಪ್ರಯೋಗಶಾಲೆಯಲ್ಲಿ, ಬೆಸ್ಟ್ ಎಂಬ ತರುಣನೊಂದಿಗೆ ನಾಯಿಗಳ ಮೇಲೆ ಪ್ರಯೋಗ ನಡೆಯಿತು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಸೂಜಿ ಚುಚ್ಚಿದಾಗ ಫಲ ಕಾಣಲಿಲ್ಲ. ಕಾಲಿಪ್ ಎಂಬ ರಸಾಯನ ತಜ್ಞರು ಮದ್ದನ್ನು ಶುದ್ಧಗೊಳಿಸಿದರು. ಜನವರಿ 23ರಂದು ಅದನ್ನು ಕೊಟ್ಟಾಗ ಸಕ್ಕರೆ ಇಳಿಯಿತು. ಹುಡುಗ 1935ರವರೆಗೆ ಬದುಕಿದ.

ಇನ್ಸುಲಿನ್ ಮಾಡುವುದೇನು? ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳ ಹೊರಮೈಯಲ್ಲಿ ಇನ್ಸುಲಿನ್ನಿಗೆಂದೇ ಒಂದು ಜಾಗವುಂಟು. ಅದು ಅಲ್ಲಿ ಬಂದು ಕೂತರೆ ಒಳಗೆ ಸುದ್ದಿ ಮುಟ್ಟಿ, ಸಕ್ಕರೆ ಒಳಹೋಗುವ ದಾರಿ ತೆರೆಯುತ್ತದೆ. ಪಿತ್ತಜನಕಾಂಗವೂ ತನ್ನ ದಾಸ್ತಾನಿನ ಸಕ್ಕರೆಯನ್ನು ಹೊರಬಿಡದೆ ತಡೆಹಿಡಿಯುತ್ತದೆ. ಇನ್ಸುಲಿನ್ ಇಲ್ಲವಾದರೆ ಸಕ್ಕರೆ ರಕ್ತದಲ್ಲೇ ನಿಂತು ಮೂತ್ರದಲ್ಲಿ ಹರಿದುಹೋಗುತ್ತದೆ. ಕಣಜ ತುಂಬಿದ್ದರೂ ಮನೆಮಂದಿಗೆ ಉಪವಾಸ.

ಇದನ್ನು ಮಾತ್ರೆಯಾಗಿ ನುಂಗಬಾರದೇಕೆ ಎಂದು ನಮ್ಮ ಮನೆಗಳ ಹಿರಿಯರು ಕೇಳುವುದುಂಟು. 51 ಅಮೈನೋ ಆಮ್ಲಗಳು ಸರಪಳಿಯಂತೆ ಜೋಡಿಸಿಕೊಂಡ ಪೆಪ್ಟೈಡ್ ಇದು. ನುಂಗಿದರೆ ಹೊಟ್ಟೆ ಇದನ್ನು ಬೇಳೆ, ಮೊಟ್ಟೆಯಂತೆಯೇ ಅರಗಿಸಿಬಿಡುತ್ತದೆ. ಆದುದರಿಂದ ಸೂಜಿ ತಪ್ಪಿದ್ದಲ್ಲ.

1923ರಲ್ಲಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಅವರಿಗೆ ನೊಬೆಲ್ ಬಂತು. ಬೆಸ್ಟ್ ಹೆಸರಿಲ್ಲವೆಂದು ಬ್ಯಾಂಟಿಂಗ್ ಸಿಟ್ಟಾದರು, ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಅವರಿಗೆ ಕೊಟ್ಟರು. ಮ್ಯಾಕ್ಲಿಯಾಡ್ ಕಾಲಿಪ್ ಜೊತೆ ಹಂಚಿಕೊಂಡರು. ಬ್ಯಾಂಟಿಂಗ್ ಸುಲಭದ ಮನುಷ್ಯರಲ್ಲ; ಜಗಳಗಂಟರೆಂದೇ ಹೇಳಬೇಕು. ಆದರೆ ದುಡ್ಡಿನಾಸೆ ಇರಲಿಲ್ಲ. ಕೋಟಿಗಟ್ಟಲೆ ಬಾಳುವ ಪೇಟೆಂಟ್ ಹಕ್ಕನ್ನು ಅವರು, ಬೆಸ್ಟ್ ಮತ್ತು ಕಾಲಿಪ್ ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

1941ರ ಫೆಬ್ರವರಿಯಲ್ಲಿ, ಯುದ್ಧದ ಕೆಲಸದ ಮೇಲೆ ಇಂಗ್ಲೆಂಡಿಗೆ ಹೊರಟಿದ್ದ ಬ್ಯಾಂಟಿಂಗ್ ಅವರ ವಿಮಾನ ನ್ಯೂಫೌಂಡ್‌ಲೆಂಡಿನಲ್ಲಿ ಬಿತ್ತು. ಮರುದಿನ, 21ರಂದು, ಅವರು ತೀರಿಕೊಂಡರು. ಆಗ ಅವರಿಗೆ 49 ವರ್ಷ.