ಕಾಣದ ಹೊಟ್ಟೆ ಕಾಣಿಸಿದ ಕ್ಯಾನನ್

ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಂಟ್ರಾಸ್ಟ್ ಕೊಡಬೇಕಾದಾಗ ರೋಗಿಯ ತೂಕ ಎಷ್ಟೆಂದು ಕೇಳುತ್ತಾರೆ. ರಕ್ತನಾಳಕ್ಕೆ ಬಿಡುವ ಅಯೋಡಿನ್ ದ್ರವದ ಪ್ರಮಾಣವನ್ನು ಅದರ ಮೇಲೆ ಲೆಕ್ಕ ಹಾಕುವುದುಂಟು. ಎಕ್ಸ್‌-ರೇಗೆ ಸರಿಯಾಗಿ ಕಾಣದ ಮೆದು ಅಂಗಗಳನ್ನು ಹೀಗೆ ಹೊರಗಿನ ವಸ್ತು ಸೇರಿಸಿ ಕಾಣುವಂತೆ ಮಾಡಿದ ಮೊದಲಿಗರಲ್ಲಿ ಒಬ್ಬರು ಆಗಿನ್ನೂ ವಿದ್ಯಾರ್ಥಿ. ಅವರೇ ವಾಲ್ಟರ್ ಬ್ರಾಡ್‌ಫರ್ಡ್ ಕ್ಯಾನನ್.

ಕ್ಯಾನನ್ ಹುಟ್ಟಿದ್ದು 1871ರ ಅಕ್ಟೋಬರ್ 19ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ. ತಂದೆ ರೈಲ್ವೆ ನೌಕರ. ಚಿಕ್ಕ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. ಓದಿನಲ್ಲಿ ಆಸಕ್ತಿ ಸಾಲದೆಂದು ತಂದೆ 14ರ ಮಗನನ್ನು ಶಾಲೆ ಬಿಡಿಸಿ ರೈಲ್ವೆ ಕಚೇರಿಯ ಕೆಲಸಕ್ಕೆ ಹಚ್ಚಿದರು. ಎರಡು ವರ್ಷ ದುಡಿದ ಮೇಲೆ ಓದಿನ ಬೆಲೆ ತಿಳಿಯಿತು. ಮರಳಿ ಶಾಲೆ ಸೇರಿ, ವಿದ್ಯಾರ್ಥಿವೇತನ ಪಡೆದು ಹಾರ್ವರ್ಡ್ ತಲುಪಿದರು.

1895ರ ಕೊನೆಯಲ್ಲಿ ರಾಂಟ್ಜೆನ್ ಎಕ್ಸ್‌-ರೇ ಕಂಡುಹಿಡಿದಿದ್ದರು. ವೈದ್ಯರೆಲ್ಲ ಮುರಿದ ಮೂಳೆ, ಮೈಯೊಳಗಿನ ಗುಂಡು ನೋಡುವ ಸಂಭ್ರಮದಲ್ಲಿದ್ದರು. 1896ರಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಕ್ಯಾನನ್‌ಗೆ ಪ್ರೊಫೆಸರ್ ಹೆನ್ರಿ ಬೌಡಿಚ್ ಬೇರೆ ಕೆಲಸ ಕೊಟ್ಟರು. ನುಂಗಿದ ಆಹಾರ ಹೇಗೆ ಇಳಿಯುತ್ತದೆ ಎಂದು ಎಕ್ಸ್‌-ರೇಯಲ್ಲಿ ನೋಡಬೇಕಿತ್ತು. ಆಲ್ಬರ್ಟ್ ಮೋಸರ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಜತೆಯಾದರು. ಮೊದಲು ನಾಯಿಗೆ ಗುಂಡಿ ನುಂಗಿಸಿ ನೋಡಿದರು. ಆಮೇಲೆ ಹೆಬ್ಬಾತಿಗೆ ಬಿಸ್ಮತ್ ಲವಣ ತುಂಬಿದ ಕ್ಯಾಪ್ಸೂಲ್ ಕೊಟ್ಟರು. ಉದ್ದನೆಯ ಕೊರಳಿನಲ್ಲಿ ಅದು ಜಾರಿ ಇಳಿಯುವುದು ಪರದೆಯ ಮೇಲೆ ಕಪ್ಪಾಗಿ ಕಂಡಿತು! ಬಳಿಕ ಬೆಕ್ಕುಗಳ ಆಹಾರದಲ್ಲೇ ಬಿಸ್ಮತ್ ಬೆರೆಸಿ ಹೊಟ್ಟೆಯ ಚಲನೆಯನ್ನು ಗಂಟೆಗಟ್ಟಲೆ ಗಮನಿಸಿದರು.

ಬೆಕ್ಕು ಕೆರಳಿದರೆ, ಹೆದರಿದರೆ ಅದರ ಹೊಟ್ಟೆಯ ಚಲನೆಯೇ ನಿಂತುಬಿಡುತ್ತಿತ್ತು. ಈ ಸಣ್ಣ ಗಮನಿಕೆ ಅವರ ಮುಂದಿನ ಬದುಕನ್ನೇ ತಿರುಗಿಸಿತು. ಅಪಾಯ ಎದುರಾದಾಗ ದೇಹ ಹೋರಾಟಕ್ಕೋ ಓಟಕ್ಕೋ ಸಜ್ಜಾಗುವ ಬಗೆಯನ್ನು ಅವರು ವಿವರಿಸಿದರು. ರಕ್ತದ ಸಕ್ಕರೆ, ಉಪ್ಪು, ಶಾಖವನ್ನು ದೇಹ ತಾನೇ ಹದದಲ್ಲಿಟ್ಟುಕೊಳ್ಳುವ ಗುಣಕ್ಕೆ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟವರೂ ಅವರೇ. 1906ರಿಂದ 1942ರವರೆಗೆ ಬೌಡಿಚ್ ಅವರ ಪೀಠದಲ್ಲೇ ಪ್ರಾಧ್ಯಾಪಕರಾಗಿದ್ದರು.

ಆದರೆ ಎಷ್ಟು ಎಂಬ ಪ್ರಶ್ನೆಗೆ ಆ ಕಾಲದಲ್ಲಿ ಉತ್ತರವಿರಲಿಲ್ಲ. ವೈದ್ಯರು ರೋಗಿಗಳಿಗೂ ಬಿಸ್ಮತ್ ಸಬ್‌ನೈಟ್ರೇಟನ್ನು ಧಾರಾಳವಾಗಿ ತಿನ್ನಿಸತೊಡಗಿದರು. ಕರುಳಿನಲ್ಲಿ ಅದು ನೈಟ್ರೈಟ್ ಆಗಿ ಕೆಲವರಿಗೆ ವಿಷವೇರಿತು. ಸತ್ತವರಲ್ಲಿ ಮಕ್ಕಳೂ ಇದ್ದರು. 1910ರ ಹೊತ್ತಿಗೆ ಕರಗದ ಬೇರಿಯಂ ಸಲ್ಫೇಟ್ ಅದರ ಜಾಗಕ್ಕೆ ಬಂತು. ಕಿರಣದ ಕಥೆಯೂ ಅಷ್ಟೇ. ಎಕ್ಸ್‌-ರೇ ಅಳೆಯಲು ಜಗತ್ತು ಒಪ್ಪಿದ ಮಾನ ಸಿಕ್ಕಿದ್ದು 1928ರಲ್ಲಿ. ಅಷ್ಟರಲ್ಲಿ ಕ್ಯಾನನ್ ಮೈಮೇಲೆ ಬೀಳಬೇಕಾದ್ದು ಬಿದ್ದಾಗಿತ್ತು. ಚರ್ಮದ ಕಾಯಿಲೆ ಅವರನ್ನು ವರ್ಷಗಟ್ಟಲೆ ಕಾಡಿತು. ವಿದ್ಯಾರ್ಥಿ ದಿನಗಳ ಎಕ್ಸ್‌-ರೇ ಪ್ರಯೋಗಗಳೇ ಅದಕ್ಕೆ ಕಾರಣವೆಂದು ನಂಬಲಾಗಿದೆ. 1945ರ ಅಕ್ಟೋಬರ್ 1ರಂದು ಅವರು ತೀರಿಕೊಂಡರು.

ಇಂದಿನ ಕಾಂಟ್ರಾಸ್ಟ್ ಲೆಕ್ಕದ ಹಿಂದೆ ಇಂಥ ಪಾಠಗಳಿವೆ. ದಪ್ಪ ಮೈಯವರಲ್ಲಿ ರಕ್ತ ಹೆಚ್ಚು. 50 ಕೆ.ಜಿ.ಯವರಿಗೆ ಸಾಕಾಗುವ ದ್ರವ 100 ಕೆ.ಜಿ.ಯವರಲ್ಲಿ ತೆಳುವಾಗಿ, ಲಿವರ್‌ನ ಗಡ್ಡೆ ಕಣ್ತಪ್ಪಬಹುದು. ದೊಡ್ಡವರ ಪ್ರಮಾಣವನ್ನೇ ಸಣ್ಣ ಮೈಯವರಿಗೆ ಕೊಟ್ಟರೆ ಹೆಚ್ಚಾದದ್ದನ್ನು ಹೊರಹಾಕುವ ಹೊರೆ ಕಿಡ್ನಿಗೆ. ಕೊಬ್ಬಿನಲ್ಲಿ ರಕ್ತ ಕಡಿಮೆ ಇರುವುದರಿಂದ ಬರೀ ತೂಕ ಸಾಲದು, ಕೊಬ್ಬು ಕಳೆದ ತೂಕ ಹಿಡಿಯಬೇಕು ಎನ್ನುವವರೂ ಇದ್ದಾರೆ.

ಎಂಜಿನಿಯರಿಂಗ್ ಓದುವ ನಾವು ಯಂತ್ರ ಎಷ್ಟು ಚೆನ್ನಾಗಿದೆ ಎಂದು ಮೊದಲು ನೋಡುತ್ತೇವೆ. ಕ್ಯಾನನ್ ಬದುಕು ಓದಿದರೆ, ಯಂತ್ರದ ಮುಂದೆ ಮಲಗಿರುವವರು ಯಾರು ಎಂಬುದೂ ಅಷ್ಟೇ ಮುಖ್ಯ ಎನಿಸುತ್ತದೆ.