ಐದು ಹಳ್ಳಿಗಳಲ್ಲಿ ಮಕ್ಕಳಿಗಾಗಿ ಮನೆ ಕಟ್ಟಿದ ಒಬರ್ಲಿನ್ ಬೋಧಕರು

ಹಳ್ಳಿಯ ಶಾಲೆಯೊಂದರಲ್ಲಿ ಶಿಶುವರ್ಗದವರಿಗೆ ಹೊಸ ಕೋಣೆಗಳು ಬೇಕೆಂದು ಮಾತು ತೆಗೆದೊಡನೆ, ಗೋಡೆಗೆಷ್ಟು, ಮಾಡಿಗೆಷ್ಟು ಎಂಬ ಲೆಕ್ಕವೇ ಮುಂದೆ ಬರುವುದು. ಚಿಕ್ಕವರಿಗೆ ಜಗಲಿಯೇ ಸಾಕು, ಕಟ್ಟಡವು ಮೇಲಿನ ತರಗತಿಗಳಿಗಿರಲಿ ಎನ್ನುವ ಹಿರಿಯರೂ ಉಂಟು. ಇಂಥ ಮಾತು ಕಿವಿಗೆ ಬಿದ್ದಾಗಲೆಲ್ಲ ನಮಗೆ ಜಾನ್ ಫ್ರೆಡ್ರಿಕ್ ಒಬರ್ಲಿನ್ ಎಂಬವರ ಜೀವಿತವು ನೆನಪಾಗುತ್ತದೆ. ನಮ್ಮ ಹಿಂದಿನ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಅದನ್ನು ತಿಳಿಯಲೆಂದು ಇಲ್ಲಿ ಸಂಗ್ರಹವಾಗಿ ಬರೆಯುತ್ತೇವೆ.

ಒಬರ್ಲಿನ್ನರು 1740ನೆಯ ಇಸವಿ ಆಗಸ್ಟ್ 31ರಂದು ಆಲ್ಸಾಸ್ ಸೀಮೆಯ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಜನಿಸಿದರು. ತಂದೆಯವರು ಉಪಾಧ್ಯಾಯರು. ದೇವಜ್ಞಾನವನ್ನು ಕಲಿತ ತರುವಾಯ, 1767ರಲ್ಲಿ, ಅವರು ವೋಸ್ಜ್ ಬೆಟ್ಟಗಳ ನಡುವಣ ವಾಲ್ಡರ್ಸ್‌ಬಾಕ್ ಎಂಬ ಹಳ್ಳಿಗೆ ಲೂಥರನ್ ಸಭೆಯ ಬೋಧಕರಾಗಿ ಹೋದರು. ಬೆಲ್‌ಫೋಸ್, ಬೆಲ್ಮೋಂ, ಫೂಡೆ, ಸೋಲ್ಬಾಕ್ ಎಂಬ ಇನ್ನು ನಾಲ್ಕು ಹಳ್ಳಿಗಳೂ ಅದೇ ಸಭೆಗೆ ಸೇರಿದ್ದವು. ನೆಲವು ಕಲ್ಲು, ಚಳಿಗಾಲವು ದೀರ್ಘ, ಹೊರಗಣ ಊರುಗಳಿಗೆ ಸರಿಯಾದ ದಾರಿಯಿಲ್ಲ.

ಆ ಸೀಮೆಯ ಶಾಲೆಯು ಮೊದಲು ಎಂತಿತ್ತೆಂಬುದಕ್ಕೆ ಒಂದು ಕಥೆಯನ್ನು ಹೇಳುವುದುಂಟು. ಒಬರ್ಲಿನ್ನರಿಗಿಂತ ಮುಂಚೆ ಅಲ್ಲಿದ್ದ ಸ್ಟೂಬರ್ ಬೋಧಕರು ಶಾಲೆಯನ್ನು ನೋಡಬಯಸಿದಾಗ, ಜನರು ಅವರನ್ನು ಒಂದು ಮುರುಕು ಗುಡಿಸಲಿಗೆ ಕರೆದೊಯ್ದರು. ಮಕ್ಕಳು ಗದ್ದಲವೆಬ್ಬಿಸುತ್ತಿದ್ದರು, ಮೂಲೆಯಲ್ಲಿ ಒಬ್ಬ ಮುದುಕನು ಮಲಗಿದ್ದನು. ಅವನೇ ಉಪಾಧ್ಯಾಯನು. ಮೊದಲು ಊರ ಹಂದಿಗಳನ್ನು ಕಾಯುತ್ತಿದ್ದು, ಮುಪ್ಪಿನಿಂದ ಅದು ಆಗದೆ ಹೋದುದರಿಂದ ಮಕ್ಕಳನ್ನು ಕಾಯಲು ನೇಮಕವಾಗಿದ್ದನಂತೆ. ಸ್ಟೂಬರರು ಅದನ್ನು ಬಹಳ ಮಟ್ಟಿಗೆ ತಿದ್ದಿ, ಒಂದು ಶಾಲಾಮನೆಯನ್ನೂ ಕಟ್ಟಿಸಿದ್ದರು. ಆದರೆ ಒಬರ್ಲಿನ್ನರು ಬಂದಾಗ ಅದು ಬೀಳುವ ಸ್ಥಿತಿಯಲ್ಲಿತ್ತು.

ಹೊಸ ಶಾಲಾಮನೆ ಬೇಕೆಂದಾಗ ಊರವರೇ ಅಡ್ಡ ನಿಂತರು. ಕಟ್ಟುವ ಖರ್ಚೂ ಮುಂದೆ ರಿಪೇರಿಯ ಭಾರವೂ ತಮ್ಮ ತಲೆಯ ಮೇಲೆ ಬೀಳುವುದೆಂಬುದೇ ಅವರ ಭಯ. ಬಡವರ ಈ ಭಯವನ್ನು ನಾವು ಹಳಿಯಲಾರೆವು. ಒಬರ್ಲಿನ್ನರೂ ಹಳಿಯಲಿಲ್ಲ. ಊರಿನ ಹಣಕ್ಕೆ ಯಾವ ಹೊರೆಯೂ ಬಾರದೆಂದು ಬರವಣಿಗೆಯ ಮೂಲಕ ತಾವೇ ಹೊಣೆಯಾದರು. ಸ್ಟ್ರಾಸ್‌ಬರ್ಗಿನ ಸ್ನೇಹಿತರ ಸಹಾಯವನ್ನು ಬೇಡಿ, ಸಾಲದಲ್ಲ್ಲಿಯೂ ಸಿಕ್ಕಿ ಕೆಲಸವನ್ನು ನಡಿಸಿದರು. ಆ ಮನೆಯು ಎದ್ದು ನಿಂತುದನ್ನು ಕಂಡ ಮೇಲೆ ಉಳಿದ ನಾಲ್ಕು ಹಳ್ಳಿಗಳವರು ಕೆಲವು ವರ್ಷಗಳಲ್ಲಿ ತಾವಾಗಿಯೇ ಮುಂದೆ ಬಂದು ತಂತಮ್ಮ ಶಾಲೆಗಳನ್ನು ಕಟ್ಟಿಕೊಂಡರು.

ಆದರೆ ಶಾಲೆಗೆ ಬರುವ ವಯಸ್ಸಾಗದ ಕೂಸುಗಳ ಗತಿಯೇನು? ತಾಯಂದಿರು ಹೊಲಕ್ಕೆ ಹೋದರೆ ಅವು ಬೀದಿಯ ಪಾಲು. ಬೆಲ್ಮೋಂ ಹಳ್ಳಿಯ ಸಾರಾ ಬಾಂಜೆ ಎಂಬ ಯುವತಿಯು ಇಂಥವರನ್ನು ತನ್ನ ಬಳಿ ಕೂಡಿಸಿಕೊಂಡು ಹೆಣಿಗೆ ಕಲಿಸುತ್ತಿದ್ದಳು. ಒಬರ್ಲಿನ್ನರು ಇದನ್ನು ಕಂಡು, 1769ರಲ್ಲಿ ಆಕೆಯನ್ನು ಸಂಬಳಕ್ಕೆ ನೇಮಿಸಿದರು. ಒಬರ್ಲಿನ್ನರನ್ನು ಹೊಗಳುವವರು ಈಕೆಯ ಹೆಸರನ್ನು ಬಿಟ್ಟುಬಿಡುವುದು ನಮಗೆ ಸರಿದೋರದು, ಬೀಜವು ಆಕೆಯದು. ಆಕೆ 1774ರಲ್ಲಿಯೇ ತೀರಿಕೊಂಡಳು.

ಈ ಶಿಶುಶಾಲೆಗಳಿಗೆ ಹೆಣಿಗೆಯ ಬೆಚ್ಚನೆ ಕೋಣೆ ಎಂಬರ್ಥದ ಹೆಸರೇ ನಿಂತಿತು. ಮನೆಯಲ್ಲಿ ಅಗ್ಗಿಷ್ಟಿಕೆಯಿರುವ ಕೋಣೆಗೆ ಆ ಸೀಮೆಯಲ್ಲಿ ಆ ಮಾತು. ನಮಗೆ ಇದು ಬಹು ಅರ್ಥವುಳ್ಳದ್ದಾಗಿ ತೋರುತ್ತದೆ: ಚಿಕ್ಕ ಮಗುವಿನ ಶಾಲೆಯನ್ನು ಯೋಚಿಸುವವರು ಮೊದಲು ಮಗುವಿನ ಮೈ ಬೆಚ್ಚಗಿರುವುದೇ ಎಂದು ಕೇಳಿದರು. ನಮ್ಮ ಸೆಕೆಯ ನಾಡಿನಲ್ಲಾದರೆ ಗಾಳಿ ಬರುವುದೇ, ಮಳೆಯ ಇರಚಲು ಒಳಗೆ ಬೀಳದೇ ಎಂದು ಕೇಳಬೇಕು. ಒಬರ್ಲಿನ್ನರು ವಿಶಾಲವಾದ ಕೋಣೆಗಳನ್ನು ಬಾಡಿಗೆಗೆ ಹಿಡಿದು, ಮಕ್ಕಳನ್ನು ನೋಡಿಕೊಳ್ಳಲು ಸ್ತ್ರೀಯರನ್ನು ನೇಮಿಸಿ, ತಮ್ಮ ಕೈಯಿಂದಲೇ ಸಂಬಳ ಕೊಟ್ಟರು. ಗೋಡೆಗಳ ಮೇಲೆ ಸತ್ಯವೇದದ ಚಿತ್ರಗಳು, ಪ್ರಾಣಿಗಳ ಮತ್ತು ಗಿಡಗಳ ಬಣ್ಣದ ಚಿತ್ರಗಳು, ಭೂಪಟಗಳು. ಕೆಲಸ ಸ್ವಲ್ಪ, ಆಟ ಸ್ವಲ್ಪ, ಹಾಡು, ಕಥೆ. ಹವೆಯು ಚೆನ್ನಾಗಿದ್ದಾಗ ಕೋಣೆಯನ್ನು ಬಿಟ್ಟು ಗುಡ್ಡದ ಮೇಲೆ ಗಿಡಮೂಲಿಕೆಗಳನ್ನು ಗುರುತಿಸಲು ಹೋಗುವರು.

ಇಷ್ಟು ಮಾಡಿದವರ ಸ್ವಂತ ವಾಸವೋ! ಬೋಧಕರ ಬಂಗ್ಲೆಯು ಇಲಿಗಳ ಬೀಡು. ಮಳೆ ಬಂದರೆ ಸೋರುವುದು. ಅದನ್ನು ಹೊಸದಾಗಿ ಕಟ್ಟುವ ಮಾತನ್ನು ಅವರು ಬಹುಕಾಲ ಮುಂದೂಡಿದರು. ಹೊಸ ಮನೆಯಾದುದು 1787ರಲ್ಲಿ, ಅಂದರೆ ಅವರು ಬಂದ ಇಪ್ಪತ್ತು ವರ್ಷಗಳ ಮೇಲೆ. ಅವರ ಪತ್ನಿಯು 1783ರಲ್ಲಿಯೇ ತೀರಿಹೋಗಿದ್ದುದರಿಂದ, ಆ ತಾಯಿಗೆ ಸೋರದ ಮಾಡಿನ ಸುಖವು ದೊರೆಯಲಿಲ್ಲ. ಇದನ್ನು ಓದುವಾಗ ನಮ್ಮ ಮನಸ್ಸು ಸ್ವಲ್ಪ ನೋಯುವುದು.

ಹಾರೆ ಹಿಡಿದು ಜನರ ಸಂಗಡ ದಾರಿ ಮಾಡಿದ್ದೂ, ಬ್ರೂಶ್ ಹೊಳೆಗೆ ಸೇತುವೆ ಕಟ್ಟಿಸಿದ್ದೂ, ದೃಢೀಕರಣಕ್ಕೆ ಬರುವ ಪ್ರತಿಯೊಬ್ಬನೂ ಎರಡು ಮರಗಳನ್ನು ನೆಟ್ಟಿರಬೇಕೆಂದು ವಿಧಿಸಿದ್ದೂ ಅವರ ಬೇರೆ ಕಾರ್ಯಗಳು. 1819ರಲ್ಲಿ ಫ್ರೆಂಚ್ ಸರಕಾರವು ಅವರಿಗೆ ಲೀಜನ್ ಆಫ್ ಆನರ್ ಎಂಬ ಗೌರವವನ್ನು ಕೊಟ್ಟಿತು. 1826ನೆಯ ಇಸವಿ ಜೂನ್ 1ರಂದು, ತಮ್ಮ 85ನೆಯ ವಯಸ್ಸಿನಲ್ಲಿ, ಕರ್ತನಲ್ಲಿ ನಿದ್ರೆಹೋದರು. ಸಮಾಧಿಯು ಫೂಡೆಯಲ್ಲಿದೆ.

ಶಿಶುಶಾಲೆಗಳು ಅವರೊಡನೆ ಮುಗಿಯಲಿಲ್ಲ. ಬೆಲ್‌ಫೋಸ್ ಹಳ್ಳಿಯ ಲೂಯೀಜ್ ಶೆಪ್ಲರ್ ಎಂಬಾಕೆ ಹುಡುಗಿಯಾಗಿರುವಾಗಲೇ ಅವರ ಮನೆಗೆ ಕೆಲಸಕ್ಕೆ ಬಂದು, ಮುಂದೆ ಈ ಮಕ್ಕಳ ಭಾರವನ್ನು ಹೊತ್ತಳು. 1829ರಲ್ಲಿ ಫ್ರೆಂಚ್ ಅಕಾಡೆಮಿಯು ಆಕೆಗೆ ಸದ್ಗುಣದ ಬಹುಮಾನವನ್ನಿತ್ತಿತು. 1837ರಲ್ಲಿ ಆಕೆ ತೀರಿಕೊಂಡಳು. ಇಪ್ಪತ್ತು ವರ್ಷ ಕಾದು ಕಟ್ಟಿದ ಆ ಬೋಧಕರ ಮನೆಯು ಈಗ ವಾಲ್ಡರ್ಸ್‌ಬಾಕಿನಲ್ಲಿ ಒಬರ್ಲಿನ್ನರ ಹೆಸರಿನ ವಸ್ತುಸಂಗ್ರಹಾಲಯವಾಗಿದೆ.